ತುಟ್ಟಿಗೆಲ್ಲ ಒಬ್ಬನೇ ಆರೋಪಿ

ಬಾಂಗ್ಲಾದೇಶದ ಉಖಿಯಾ ಪೇಟೆಯಲ್ಲಿ ಯಾವ ಅಂಗಡಿಯ ಮುಂದೆ ನಿಂತು 'ಏನಪ್ಪಾ ಈ ರೇಟು?' ಅಂದರೂ ಉತ್ತರ ಒಂದೇ: ರೋಹಿಂಗ್ಯಾ. ಬದನೆಕಾಯಿಗೂ ಅದೇ, ಸೌದೆಗೂ ಅದೇ, ಟಮ್‌ಟಮ್ ಆಟೋ ಬಾಡಿಗೆಗೂ ಅದೇ. 2017ರ ಆಗಸ್ಟ್ 25ರ ನಂತರ ಕೆಲವೇ ತಿಂಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ನಿರಾಶ್ರಿತರು ಮ್ಯಾನ್ಮಾರ್‌ನಿಂದ ಓಡಿಬಂದು ಉಖಿಯಾ, ಟೆಕ್ನಾಫ್ ಎಂಬ ಎರಡು ತಾಲ್ಲೂಕುಗಳಲ್ಲಿ ತುಂಬಿಕೊಂಡರು. ಊರವರೇ ಅಷ್ಟಿರಲಿಲ್ಲ. ತರಕಾರಿ ತುಟ್ಟಿಯಾಗದೆ ಇನ್ನೇನು? ಅಷ್ಟು ಒಪ್ಪೋಣ.

ಅಕ್ಕಿಯ ಕತೆ ಬೇರೆ. ಮೊದಮೊದಲು ಶಿಬಿರದಲ್ಲಿ ಹಂಚಿದ್ದು ಅಕ್ಕಿ, ಬೇಳೆ, ಎಣ್ಣೆ. ಮುಂದಿನ ಸರದಿಗೆ ಮತ್ತೆ ಅಕ್ಕಿ, ಬೇಳೆ, ಎಣ್ಣೆ. ಮೀನಿಲ್ಲ, ಮೆಣಸಿಲ್ಲ, ಒಲೆಗೆ ಕಟ್ಟಿಗೆಯಿಲ್ಲ. ಹಾಗಾಗಿ ಪಡಿತರದಲ್ಲೇ ಒಂದಿಷ್ಟು ಸಿಕ್ಕಿದ ಬೆಲೆಗೆ ಮಾರಿ ಮೀನು ತರಬೇಕು. ವ್ಯಾಪಾರಿಗೆ ಹೆಚ್ಚು ಕೆಲಸವಿಲ್ಲ: 'ಮಾರಾಟಕ್ಕಲ್ಲ' ಎಂದು ಅಚ್ಚಾದ ಚೀಲ ಬಿಚ್ಚಿ, ಬರಹವಿಲ್ಲದ ಚೀಲಕ್ಕೆ ಸುರಿದು, ಬಾಯಿ ಹೊಲಿದರಾಯಿತು. ಪೇಟೆಯಲ್ಲಿ ಅಕ್ಕಿ ಅಗ್ಗವಾದರೆ ಭತ್ತ ಬೆಳೆದವನು ಬೈಯುವುದೂ ಇವರನ್ನೇ. ತುಟ್ಟಿಗೂ ಅವರೇ, ಅಗ್ಗಕ್ಕೂ ಅವರೇ!

ಮೀನಿಗೂ ಅವರೇ. ಮಾದಕ ಮಾತ್ರೆ ಮತ್ತು ಗಡಿ ದಾಟುವವರನ್ನು ತಡೆಯಲು 2017ರಲ್ಲಿ ಗಡಿಯ ನಾಫ್ ನದಿಯ ಮೀನುಗಾರಿಕೆಯನ್ನು ನಿಲ್ಲಿಸಿದ್ದು ಸರ್ಕಾರ. ದೋಣಿ ದಡದಲ್ಲಿ ಒಣಗುತ್ತಿದ್ದರೆ ಮೀನೇನು ಬಸ್ಸು ಹತ್ತಿ ಬರುತ್ತಿತ್ತೇ?

ಆದರೆ ಕಲಾವಿದ ಅಂದರೆ ಮನೆಯ ಮಾಲೀಕ. ಬಾಡಿಗೆ ಏರಿಸುವ ಕ್ರಮ ಹೀಗೆ: ಹಳೇ ಬಾಡಿಗೆದಾರ ಮೇಷ್ಟ್ರಿಗೆ 'ಮಗಳ ಮದುವೆ, ಮನೆ ಬೇಕು' ಅನ್ನಿ. ಗೋಡೆಗೆ ಒಂದು ಕೋಟು ಬಣ್ಣ, ಬಚ್ಚಲಿಗೆ ಕಮೋಡು, ಕರೆಂಟು ಹೋದರೆ ಫ್ಯಾನು ತಿರುಗಲು ಬ್ಯಾಟರಿ. ಬಾಗಿಲಿಗೆ ನಿರಾಶ್ರಿತರ ನೆರವಿಗೆ ಬಂದ ಸಂಸ್ಥೆಯ ಬೋರ್ಡು ಬಿತ್ತೋ, ಹೇಳಿದ್ದೇ ಬಾಡಿಗೆ. ಮೇಷ್ಟ್ರು ಮನೆ ಹುಡುಕುತ್ತಾ ಕೇಳಿದರೆ ಮುಖ ಸಣ್ಣ ಮಾಡಿಕೊಂಡು 'ಈ ರೋಹಿಂಗ್ಯಾಗಳು ಬಂದು ಎಲ್ಲಾ ಹಾಳಾಯ್ತು ಸಾರ್' ಅನ್ನುವುದು ಕೊನೆಯ ಹಂತ, ಮರೆಯಬಾರದು. ರೋಹಿಂಗ್ಯಾ ಇರುವುದು ಕುತುಪಲಾಂಗ್ ಶಿಬಿರದ ಗುಡ್ಡದ ಮೇಲೆ, ಬಿದಿರು-ಟಾರ್ಪಾಲಿನ ಕೆಳಗೆ. ಬೇಲಿ ದಾಟಿ ಮನೆ ಹಿಡಿಯಲು ಅವನಿಗೆ ಅನುಮತಿಯೇ ಇಲ್ಲ. ಕರಾರಿಗೆ ಸಹಿ ಹಾಕಿದವನ ಕೈಯಲ್ಲಿ ಲ್ಯಾಪ್‌ಟಾಪ್, ಬೈಸಿಕೊಂಡವನ ಕೈಯಲ್ಲಿ ಟಾರ್ಪಾಲಿನ ಹಗ್ಗ.

ನಿಜವಾಗಿ ಪೆಟ್ಟು ತಿಂದವನು ಊರಿನ ಕೂಲಿಯವನು. ಅವನ ಸಿಟ್ಟನ್ನು ನಗೆಯಾಡುವಂತಿಲ್ಲ. ರೋಹಿಂಗ್ಯಾಗೆ ದುಡಿಯುವ ಹಕ್ಕಿಲ್ಲ. ಆದ್ದರಿಂದ ಕದ್ದು ದುಡಿಯುತ್ತಾನೆ, ಕದ್ದು ದುಡಿಯುವವನು ಕೂಲಿ ಚೌಕಾಸಿ ಮಾಡಲಾರ. ದಣಿ ಅವನನ್ನು ತೋರಿಸಿ ಊರವನ ಕೂಲಿಯನ್ನೂ ಇಳಿಸುತ್ತಾನೆ. ಉಳಿದ ಕಾಸು ಯಾರ ಜೇಬು ಸೇರಿತು ಎಂದು ಪೇಟೆಯಲ್ಲಿ ಚರ್ಚೆಯಾಗುವುದಿಲ್ಲ. ಜೇಬು ಚಹಾ ಕುಡಿಸುತ್ತಾ ಪಕ್ಕದಲ್ಲೇ ಕೂತಿರುತ್ತದೆ.

2023ರಲ್ಲಿ ದಾನಿಗಳ ಕೈ ಬಿಗಿಯಾಗಿ, ತಲಾ ತಿಂಗಳ ಪಡಿತರ 12 ಡಾಲರ್‌ನಿಂದ ಮಾರ್ಚ್‌ನಲ್ಲಿ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಯಿತು. ಪೇಟೆಯ ಶಾಸ್ತ್ರ ನಿಜವಾಗಿದ್ದರೆ ಬದನೆಕಾಯಿಯೂ ಜೊತೆಗೇ ಇಳಿಯಬೇಕಿತ್ತು. ಆ ವರ್ಷ ದೇಶದ ಹಣದುಬ್ಬರ ಶೇ 9 ದಾಟಿತು. ಸೆಪ್ಟೆಂಬರ್‌ನಲ್ಲಿ ಸರ್ಕಾರವೇ ಒಂದು ಮೊಟ್ಟೆಗೆ 12 ಟಾಕಾ ಎಂದು ದರ ಕಟ್ಟಬೇಕಾಯಿತು. ರೋಹಿಂಗ್ಯಾ ಶಿಬಿರವೇ ಇಲ್ಲದ ರಂಗಪುರಕ್ಕೂ ಅದೇ ಮೊಟ್ಟೆ. ಉಖಿಯಾದ ಅಂಗಡಿಯಲ್ಲಿ ಮಾತ್ರ ಹಳೇ ಉತ್ತರವೇ ಚಲಾವಣೆಯಲ್ಲಿದೆ. ಅದಕ್ಕೆ ಚಿಲ್ಲರೆ ಕೊಡುವ ರಗಳೆಯಿಲ್ಲ.