ನೆಲಕ್ಕೆ ನರ್ಸ್ ಮಂಜೂರಾಗಿಲ್ಲ

ಹೋದ ಬೇಸಿಗೆಯಲ್ಲಿ ನಮ್ಮ ಕಾಕಾನ ಜೊತೆ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಮೂರು ರಾತ್ರಿ ಕಳೆದೆ. ಯಾವ ಆಸ್ಪತ್ರೆ ಅಂತ ಕೇಳಬೇಡಿ, ಕಾಕಾನನ್ನು ಇನ್ನೂ ಎರಡು ಸಲ ಅಲ್ಲಿಗೇ ಕರೆದುಕೊಂಡು ಹೋಗಬೇಕು. ವಾರ್ಡಿನಲ್ಲಿ ಮಂಚ 30, ರೋಗಿಗಳು 41. ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಸಿಸ್ಟರ್ ಒಬ್ಬರೇ.

ಮಂಚ ಸಿಗದ 11 ಮಂದಿ ನೆಲದ ಮೇಲೆ ಚಾಪೆ ಹಾಸಿಕೊಂಡಿದ್ದರು. ನಮ್ಮೂರ ಮೇ ತಿಂಗಳಲ್ಲಿ ನೆಲವೇ ತಂಪು, ಅದು ಬೇರೆ ಮಾತು. ಆದರೆ ಲೆಕ್ಕದಲ್ಲಿ ಅವರಿಲ್ಲ. ನರ್ಸ್ ಎಷ್ಟು ಬೇಕು ಅಂತ ತೀರ್ಮಾನಿಸುವಾಗ ಎಣಿಸುವುದು ಮಂಚವನ್ನು, ರೋಗಿಯನ್ನಲ್ಲ. ಮಂಚಕ್ಕೇ ಜ್ವರ ಬರುತ್ತದೆ ಅಂತ ಯಾರೋ ನಂಬಿರಬೇಕು.

ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಓದಿದರೆ ಮೊದಲು ಖುಷಿಯಾಗುತ್ತದೆ. ಮೆಡಿಕಲ್ ಕಾಲೇಜು ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ 3 ಮಂಚಕ್ಕೆ 1 ನರ್ಸ್! ಅರಮನೆ ಅಲ್ವಾ? ಸ್ವಲ್ಪ ತಡೀರಿ. ದಿನಕ್ಕೆ ಮೂರು ಪಾಳಿ. ಹಂಚಿದರೆ ಒಂದು ಪಾಳಿಯಲ್ಲಿ 9 ಮಂಚಕ್ಕೆ ಒಬ್ಬರು. ಆ ಲೆಕ್ಕ ಹಿಡಿದರೂ ನಮ್ಮ ವಾರ್ಡಿನಲ್ಲಿ ಮೂರ್ನಾಲ್ಕು ಮಂದಿ ಇರಬೇಕಿತ್ತು. ಅದರ ಮೇಲೆ 30% ರಜಾ ಮೀಸಲು ಬೇರೆ. ಯಾರಾದರೂ ರಜೆ ಹಾಕಿದರೆ ಬದಲಿ ಇರಲಿ ಅಂತ.

ಉಳಿದವರೆಲ್ಲಿ ಅಂತ ವಾರ್ಡ್ ಬಾಯ್‌ನನ್ನು ಕೇಳಿದೆ.

"ಒಬ್ಬರು ಹೆರಿಗಿಗಿ ಹೋಗ್ಯಾರ್ರಿ. ಒಬ್ಬರು ಓಓಡಿ ಮ್ಯಾಲ, ಅಂದ್ರ ಬ್ಯಾರೆ ಕಡಿ ಡ್ಯೂಟಿ ಮ್ಯಾಲ, ಆಫೀಸಿನಾಗ ಕಂಪ್ಯೂಟರ್ ಕುಟ್ಟಲತ್ಯಾರ. ಇಬ್ಬರದು ಕಾಂಟ್ರಾಕ್ಟ್ ಮುಗದದ, ಫೈಲ್ ಬೆಂಗಳೂರಿಗಿ ಹೋಗ್ಯಾದ."

ಬೆಂಗಳೂರಿಗೆ ರೈಲಿನಲ್ಲಿ ಒಂದು ರಾತ್ರಿ ಸಾಕು. ಫೈಲು ನಡೆದುಕೊಂಡು ಹೋಗಿರಬೇಕು.

ಹಾಗಂತ ನಮಗೇನೂ ಕೊಟ್ಟಿಲ್ಲ ಅನ್ನುವಂತಿಲ್ಲ. ನಮ್ಮ ಭಾಗಕ್ಕೆ ಅಂತಲೇ ಸಂವಿಧಾನದಲ್ಲಿ 371ಜೆ ವಿಧಿ ಬಂತು, ಹುದ್ದೆಯಲ್ಲಿ ಮೀಸಲಾತಿ ಸಿಕ್ಕಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಸ್ಟಾಫ್ ನರ್ಸ್ ಹೋಗಿ ಶುಶ್ರೂಷಾಧಿಕಾರಿ ಆದರು. ಹೆಸರು ಬದಲಿಸುವ ಕೆಲಸಕ್ಕೆ ನಮ್ಮಲ್ಲಿ ಸಿಬ್ಬಂದಿ ಕೊರತೆ ಯಾವತ್ತೂ ಆಗಿಲ್ಲ.

ಆ ಅಧಿಕಾರಿಯನ್ನು ಹತ್ತಿರದಿಂದ ನೋಡಿದೆ. ಎಡಗೈಯಲ್ಲಿ ಟ್ರೇ, ಕಿವಿಗೂ ಭುಜಕ್ಕೂ ನಡುವೆ ಮೊಬೈಲ್, ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡ ಮಂಚದ ನಂಬರ್‌ಗಳು. ಇಂಜೆಕ್ಷನ್ ಕೊಡಲು ಎರಡು ನಿಮಿಷ, ಕೊಟ್ಟೆ ಅಂತ ಬರೆಯಲು ನಾಲ್ಕು. ಔಷಧಿ ಸ್ಟಾಕಿಗೊಂದು ಪುಸ್ತಕ, ಬೇಕಾದ್ದನ್ನು ಕೇಳಿ ಬರೆಯುವ ಇಂಡೆಂಟಿಗೊಂದು, ಪಾಳಿ ಒಪ್ಪಿಸಲು ಇನ್ನೊಂದು. ರೋಗಿ ಕಾಯಬಹುದು, ರಿಜಿಸ್ಟರ್ ಕಾಯುವುದಿಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ಬಗ್ಗೆ 2002ರಲ್ಲಿ ಸಂಶೋಧಕಿ ಲಿಂಡಾ ಐಕೆನ್ ತಂಡದ ಅಧ್ಯಯನವೊಂದು ಬಂದಿತ್ತು. ನರ್ಸ್ ನೋಡಿಕೊಳ್ಳುವವರಲ್ಲಿ ಒಬ್ಬ ರೋಗಿ ಜಾಸ್ತಿಯಾದರೆ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ 7% ಏರುತ್ತದೆ ಅಂತ ಅದರಲ್ಲಿತ್ತು. ಒಬ್ಬ ರೋಗಿ ಜಾಸ್ತಿಯಾದರೆ! ಪಾಪ, ಅವರಿಗೆ ಬಿಡಿ ಲೆಕ್ಕ ಗೊತ್ತು. ನಮ್ಮದು ಹೋಲ್‌ಸೇಲ್.

ಎರಡನೇ ರಾತ್ರಿ ಸಿಸ್ಟರ್ ನನ್ನ ಹತ್ತಿರ ಬಂದರು. "ಅಣ್ಣಾ, ಹೆಂಗೂ ಎಚ್ಚರ ಇದ್ದೀರಿ. ಬಾಜೂ ಮಂಚದ ಬಾಟ್ಲಿ ಖಾಲಿ ಆಗಲತ್ತಿದ್ರ ಕೂಗ್ರಿ." ಕೂಗಿದೆ. ಆಮೇಲೆ ಆ ಕಡೆಯ ಮಂಚ. ಆಮೇಲೆ ನೆಲದ ಮೇಲಿದ್ದ ಆಳಂದದ ಮುದುಕಿ. ಅವಳ ಬಾಟ್ಲಿಗೆ ಸ್ಟ್ಯಾಂಡ್ ಇರಲಿಲ್ಲ, ಕಿಟಕಿಯ ಸರಳಿಗೆ ಕಟ್ಟಿತ್ತು. ಕಟ್ಟಿದ್ದು ಅವಳ ಮೊಮ್ಮಗ, ಏಳನೇ ಕ್ಲಾಸು. ಮೂರನೇ ರಾತ್ರಿಗೆ ನನ್ನ ಪಾಲಿಗೆ ಆರು ಬಾಟ್ಲಿ. ಪರಿಷತ್ತಿನವರು ಬಂದು ನೋಡಿದ್ದರೆ ಖುಷಿಪಡುತ್ತಿದ್ದರು, 1:9ಕ್ಕಿಂತ ನನ್ನದೇ ವಾಸಿ.

ನಾಲ್ಕನೇ ದಿನ ಕಾಕಾನಿಗೆ ಡಿಸ್ಚಾರ್ಜ್ ಆಯಿತು. ಗಂಟು ಕಟ್ಟಿಕೊಂಡು ಹೊರಟೆವು. ಚಾಪೆಯ ಮೇಲಿಂದ ಮುದುಕಿ ಕೂಗಿದಳು:

"ಯಪ್ಪಾ, ಹೊಂಟೇನು? ನಿನ್ನ ಬದ್ಲಿ ಯಾರನರ ಇಟ್ಟು ಹೋಗೋ!"