‘ಗೋ ಅರೌಂಡ್’ ಅಂದಿದ್ದನ್ನು ಕೇಳಿದ್ದರೆ

ಒಂದು ರಾತ್ರಿ ನಾನು ಕೂತಿದ್ದ ವಿಮಾನ ಇನ್ನೇನು ನೆಲ ಮುಟ್ಟಿತು ಅನ್ನುವಾಗ ಜೋರಾಗಿ ಸದ್ದು ಮಾಡಿ ಮತ್ತೆ ಮೇಲೆದ್ದಿತು. ಸುತ್ತ ಕೂತವರೆಲ್ಲ ಗೊಣಗಿದರು. ನಾನೂ ಗೊಣಗಿದೆ. ಕೇರಳದ ಕಲ್ಲಿಕೋಟೆ ವಿಮಾನ ದುರಂತದ ತನಿಖಾ ವರದಿಯ ವಿವರ ಓದಿದ ಮೇಲೆ ಆ ಗೊಣಗಾಟ ನೆನೆದರೆ ಸಂಕಟ ಆಗುತ್ತದೆ.

2020ರ ಆಗಸ್ಟ್ 7, ರಾತ್ರಿ 7.40ರ ಸುಮಾರು. ಜೋರು ಮಳೆ. ಕೊರೊನಾ ಕಾಲದಲ್ಲಿ ದುಬೈನಿಂದ ಜನರನ್ನು ಕರೆತಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ. ಒಳಗೆ 190 ಜನ. ಮೊದಲ ಸಲ ಇಳಿಯಲು ಬಂದಾಗ ಕ್ಯಾಪ್ಟನ್ ಕಡೆಯ ವೈಪರ್ ಸ್ವಲ್ಪ ಹೊತ್ತು ಓಡಿ ನಿಂತುಹೋಯಿತು. ಇಳಿಯದೆ ಮೇಲೇರಿದರು. ಎರಡನೇ ಸಲ ರನ್‌ವೇಯ ಇನ್ನೊಂದು ತುದಿಯಿಂದ ಬಂದರು. ಈಗ ಗಾಳಿ ಹಿಂದಿನಿಂದ ತಳ್ಳುತ್ತಿತ್ತು. ಗಾಜಿನಾಚೆ ಬರೀ ಕತ್ತಲೆ, ನೀರು, ಕಲಸಿಹೋದ ದೀಪಗಳು. 8,858 ಅಡಿ ಉದ್ದದ ರನ್‌ವೇ. ಚಕ್ರ ನೆಲ ಮುಟ್ಟಿದ್ದು 4,438 ಅಡಿ ದಾಟಿದ ಮೇಲೆ. ಅದು ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ, ತುದಿಯಾಚೆ ಇಳಿಜಾರು. ವಿಮಾನ ಕೆಳಗೆ ಬಿದ್ದು ತುಂಡಾಯಿತು. ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಹೋದರು.

ಚಕ್ರ ನೆಲ ಮುಟ್ಟುವ ಮೊದಲೇ ಕೋ-ಪೈಲಟ್ ‘ಗೋ ಅರೌಂಡ್’ ಅಂದಿದ್ದರು. ಇಳಿಯುವುದು ಬೇಡ, ಮೇಲೇರಿ ಇನ್ನೊಂದು ಸುತ್ತು ಬರೋಣ ಅಂತ. ಕ್ಯಾಪ್ಟನ್ ಮೇಲೇರಿಸಲಿಲ್ಲ.

ಅದಕ್ಕೂ ಹತ್ತು ವರ್ಷ ಹಿಂದೆ, 2010ರ ಮೇ 22ರಂದು ಮಂಗಳೂರಿನಲ್ಲೂ ಹೀಗೇ ಆಗಿತ್ತು, ನೆನಪಿದೆ ಅಲ್ವಾ? ಅಲ್ಲೂ ಟೇಬಲ್‌ಟಾಪ್. ಅಲ್ಲೂ ಕೋ-ಪೈಲಟ್ ‘ಗೋ ಅರೌಂಡ್’ ಅಂತ ಮತ್ತೆ ಮತ್ತೆ ಹೇಳಿದ್ದರು. 158 ಜನ ಸತ್ತರು. ಅಷ್ಟು ಸಾವಿನ ಮೇಲೂ ಅದೇ ಮಾತು ಕಾಕ್‌ಪಿಟ್‌ನಲ್ಲಿ ಇನ್ನೊಮ್ಮೆ ವ್ಯರ್ಥವಾಯಿತಲ್ಲ, ನನಗೆ ಜಾಸ್ತಿ ಸಿಟ್ಟು ಬರುವುದು ಅದಕ್ಕೇ.

ಹಾಗಂತ ಎಲ್ಲವನ್ನೂ ಸತ್ತ ಕ್ಯಾಪ್ಟನ್ ತಲೆಗೆ ಕಟ್ಟುವುದು ತಪ್ಪು. ಮರುದಿನ ಬೆಳಿಗ್ಗೆ ಅವರು ಅಲ್ಲಿಂದಲೇ ಇನ್ನೊಂದು ವಿಮಾನ ಹಾರಿಸಬೇಕಿತ್ತು. ಬೇರೆ ಊರಿಗೆ ತಿರುಗಿಸಿದ್ದರೆ ವಿಶ್ರಾಂತಿಯ ನಿಯಮದಿಂದ ಅದು ಆಗುತ್ತಿರಲಿಲ್ಲ. ಕಲ್ಲಿಕೋಟೆಯಲ್ಲಿ ಕ್ಯಾಪ್ಟನ್‌ಗಳ ಕೊರತೆಯೂ ಇತ್ತು. ಇದೂ ವರದಿಯಲ್ಲೇ ಇದೆ. ಡ್ಯೂಟಿ ಪಟ್ಟಿ ಬರೆದವರು ಆ ಮಳೆಯಲ್ಲಿ ಇರಲಿಲ್ಲ. ಆದರೆ ಪಟ್ಟಿ ಇತ್ತು.

ಕೋ-ಪೈಲಟ್ ಕಂಟ್ರೋಲ್ ತಾವೇ ತೆಗೆದುಕೊಳ್ಳಲಿಲ್ಲ ಅಂತಲೂ ವರದಿ ಹೇಳುತ್ತದೆ. ಹೌದು, ತೆಗೆದುಕೊಳ್ಳಬೇಕಿತ್ತು. ಆದರೆ ಪಕ್ಕದಲ್ಲಿ ವರ್ಷಗಟ್ಟಲೆ ಹಾರಿಸಿದ ಹಿರಿಯರು. ಕೈಯಲ್ಲಿ ಕೆಲವೇ ಸೆಕೆಂಡು. ಆ ಧೈರ್ಯ ಆ ಗಳಿಗೆಯಲ್ಲಿ ಸುಮ್ನೆ ಬರುವುದಿಲ್ಲ. ಸಿಮ್ಯುಲೇಟರ್‌ನಲ್ಲಿ ಕ್ಯಾಪ್ಟನ್ ಬೇಕಂತಲೇ ತಪ್ಪು ಮಾಡಬೇಕು, ಕಿರಿಯರು ಕಂಟ್ರೋಲ್ ಕಿತ್ತುಕೊಳ್ಳಬೇಕು. ಕೈಗೆ ರೂಢಿಯಾಗುವ ತನಕ ಅದನ್ನೇ ಮಾಡಿಸಿ.