ಸಮುದ್ರದ ಮೇಲೆ ನೀರಿಗೆ ತತ್ವಾರ

ಆಸ್ಟ್ರೇಲಿಯಾದ ವಿಟ್ಸಂಡೇ ದ್ವೀಪಗಳಲ್ಲಿ ಹಾಯಿದೋಣಿ ಬಾಡಿಗೆಗೆ ತಗೊಂಡು ನಾವೇ ನಡೆಸಿಕೊಂಡು ಹೋಗಲು ಲೈಸೆನ್ಸ್ ಬೇಡ. ಸ್ಕೂಟರಿಗೆ ಬೇಕು, ಮನೆಯಷ್ಟು ದೊಡ್ಡ ದೋಣಿಗೆ ಬೇಡ! ಏರ್ಲೀ ಬೀಚಿನಲ್ಲಿ ಒಂದಷ್ಟು ಗಂಟೆ ಪಾಠ ಮಾಡಿ, ನಕಾಶೆ ಕೈಗಿಟ್ಟು, ಹೋಗಿ ಬನ್ನಿ ಅಂತ ಕಳಿಸಿಬಿಡುತ್ತಾರೆ. ಬ್ರಿಸ್ಬೇನಿನಲ್ಲಿ ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವ ನಮ್ಮ ಯಜಮಾನರು ಜುಲೈ ರಜೆಯಲ್ಲಿ ಹೀಗೆ ಕ್ಯಾಪ್ಟನ್ ಆದರು. ಮಕ್ಕಳಿಬ್ಬರು, ನಾನು ಮತ್ತು ಅರಸೀಕೆರೆಯಿಂದ ಬಂದಿದ್ದ ಅತ್ತೆ ಸಿಬ್ಬಂದಿ.

74 ದ್ವೀಪಗಳಿವೆ ಅಲ್ಲಿ. ನಾವು ಜಾಸ್ತಿ ನೋಡಿದ್ದು ಮೀಟರುಗಳನ್ನು. ಸಿಹಿನೀರಿನ ಟ್ಯಾಂಕಿನ ಮೀಟರ್ ಒಂದು, ಬ್ಯಾಟರಿಯ ಮೀಟರ್ ಇನ್ನೊಂದು. ಟಾಯ್ಲೆಟ್ ಟ್ಯಾಂಕಿಗೆ ಮೀಟರ್ ಇರಲಿಲ್ಲ, ಅದು ತುಂಬಿದ್ದು ತಾನಾಗೇ ಗೊತ್ತಾಗುತ್ತದೆ. ಕ್ಯಾಪ್ಟನ್ ಬೆಳಗ್ಗೆ ಎದ್ದು ದೇವರಿಗೆ ಕೈ ಮುಗಿಯುವ ಮೊದಲು ನೀರಿನ ಲೆಕ್ಕ ಹೇಳುತ್ತಿದ್ದರು. ಯಾರು ಎಷ್ಟು ಹೊತ್ತು ನಲ್ಲಿ ಬಿಟ್ಟರು ಅನ್ನುವ ವಿಚಾರಣೆ ಕಾಫಿಯ ಜೊತೆಗೆ.

ಈ ಪಾಠವನ್ನು ಅವರು ಅತ್ತೆಗೂ ಹೇಳಲು ಹೋದರು. "ಲೋ, ವಾರಕ್ಕೊಂದು ಸಲ ನಲ್ಲಿ ಬರೋ ಊರಲ್ಲಿ ನಿನ್ನ ಸಾಕಿದೀನಿ ಕಣೋ," ಅಂದರು ಅತ್ತೆ. ಬಕೆಟ್ಟಿಗೆ ಹಗ್ಗ ಕಟ್ಟಿ ಸಮುದ್ರದ ನೀರು ಸೇದಿದರು. ಪಾತ್ರೆಗೆಲ್ಲ ಉಪ್ಪುನೀರು, ಕೊನೆಗೆ ತೊಳೆಯಲು ಒಂದೇ ಚೊಂಬು ಸಿಹಿನೀರು. ಸಾರಿಗೂ ಸ್ವಲ್ಪ ಸಮುದ್ರ ಬೆರೆಸಿ ಉಪ್ಪಿನ ಖರ್ಚು ಉಳಿಸಿದರು. ಅವತ್ತಿಂದ ನೀರಿನ ಖಾತೆ ಅತ್ತೆಯ ಕೈಗೆ ಹೋಯಿತು. ಕ್ಯಾಪ್ಟನ್ ಮುಖ ತೊಳೆಯಲೂ ಅನುಮತಿ ಕೇಳಬೇಕಾಯಿತು.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಅತ್ತೆ ಸೋತರು. ಬ್ಯಾಗಿನಲ್ಲಿ ಸೀರೆ ಸುತ್ತಿ ಮಿಕ್ಸಿ ತಂದಿದ್ದರು. ಕಾಯಿ ಚಟ್ನಿಗೆ ಸ್ವಿಚ್ ಒತ್ತಿದ್ದೇ ಇನ್ವರ್ಟರ್ ಕಿರುಚಿತು, ದೀಪ ಹೋಯಿತು, ಫ್ರಿಜ್ ನಿಂತಿತು. 750 ವ್ಯಾಟಿನ ಮಿಕ್ಸಿ 12 ವೋಲ್ಟಿನ ಬ್ಯಾಟರಿಯಿಂದ 60 ಆಂಪಿಯರಿಗೂ ಜಾಸ್ತಿ ಎಳೆಯುತ್ತದೆ ಅಂತ ಕ್ಯಾಪ್ಟನ್ ಆಮೇಲೆ ವಿವರಿಸಿದರು. ಇಂಥ ವಿವರಗಳು ಯಾವಾಗಲೂ ಆಮೇಲೆಯೇ ಬರುತ್ತವೆ. ಅರೆಬರೆ ರುಬ್ಬಿದ ಚಟ್ನಿಯನ್ನು ಪಲ್ಯ ಅಂದುಕೊಂಡು ತಿಂದೆವು. ಟಾಯ್ಲೆಟ್ ಪಂಪಿನೊಳಗೆ ಮಗ ಬೀಳಿಸಿದ ಲೆಗೋ ಚಕ್ರದ ಕಥೆ ಇಲ್ಲಿ ಬೇಡ. ಓದುವವರು ಊಟ ಮಾಡುತ್ತಿರಬಹುದು.

ಸಂಜೆ ನಾಲ್ಕರೊಳಗೆ ಲಂಗರು ಹಾಕಿ ಮುಗಿಸಬೇಕು ಅನ್ನೋದು ಕಂಪನಿಯ ನಿಯಮ. ಬಿಸಿಲು ಇಳಿದ ಮೇಲೆ ನೀರಿನಡಿಯ ಹವಳ ಕಾಣುವುದಿಲ್ಲ. ಆಗ್ನೇಯದ ಗಾಳಿ ಜೋರಾಗಿ ಬೀಸುವಾಗ ಚಕ್ರ ಹಿಡಿದು ಹಿಂದೆ ನಿಂತವರ ಮಾತು ಮುಂದೆ ಸರಪಳಿ ಬಿಡುವವಳಿಗೆ ಕೇಳುವುದಿಲ್ಲ. "ಬಿಡು" ಅಂದರೋ "ಬೇಡ" ಅಂದರೋ? ಹದಿನೆಂಟು ವರ್ಷದಲ್ಲಿ ಆಡದೇ ಉಳಿದಿದ್ದ ಮಾತುಗಳನ್ನೆಲ್ಲ ಅಲ್ಲಿ ಆಡಿ ಮುಗಿಸಿದೆವು. ಅಷ್ಟೂ ಹೊತ್ತು, ದೋಣಿಗಳೆಲ್ಲ ಮಾತಾಡಿಕೊಳ್ಳುವ ರೇಡಿಯೋದ ಗುಂಡಿ ಕ್ಯಾಪ್ಟನ್ನರ ಕೈಯಲ್ಲಿ ಒತ್ತಿಕೊಂಡೇ ಇತ್ತಂತೆ. ಯಾರದೋ ಮೈಕ್ ಸಿಕ್ಕಿಹಾಕಿಕೊಂಡಿದೆ, ದಯವಿಟ್ಟು ನೋಡಿಕೊಳ್ಳಿ ಅಂತ ಆಮೇಲೆ ಕಂಪನಿಯವರು ಹೇಳಿದರು. ಮರುದಿನ ಪಕ್ಕದ ದೋಣಿಯ ಮುದುಕಿ ನನಗೊಬ್ಬಳಿಗೇ ಕೈ ಬೀಸಿದಳು.

ಉಬ್ಬರವಿಳಿತವೂ ಬಿಡಲಿಲ್ಲ. ಅಲ್ಲಿ ನೀರು ಕೆಲವು ದಿನ ಮೂರು ಮೀಟರಿಗೂ ಜಾಸ್ತಿ ಏರಿ ಇಳಿಯುತ್ತದೆ. ಟಂಗ್ ಬೇಯಲ್ಲಿ ದಡಕ್ಕೆ ಹೋಗುವ ಪುಟ್ಟ ದೋಣಿ ಡಿಂಗಿಯನ್ನು ಕಟ್ಟಿ ಗುಡ್ಡ ಹತ್ತಿ, ಹಿಲ್ ಇನ್ಲೆಟ್‌ನ ಬಿಳಿ ಮರಳು ನೋಡಿ ಇಳಿದು ಬಂದರೆ ಡಿಂಗಿ ಇತ್ತು, ಸಮುದ್ರ ಇರಲಿಲ್ಲ. ತಪ್ಪಿದ ಬಸ್ಸಿಗೆ ಕಾಯುವವರಂತೆ ಕೂತು ಅದಕ್ಕೂ ಕಾದೆವು.

ಹುಕ್ ದ್ವೀಪದ ನಾರಾ ಇನ್ಲೆಟ್ ತಲುಪಿದ ದಿನ ಅಮಾವಾಸ್ಯೆ. ಅಲ್ಲಿಯ ಮೂಲನಿವಾಸಿಗಳಾದ ನ್ಗಾರೋ ಜನ ಬರೆದ ಗುಹಾಚಿತ್ರ ನೋಡಲು ನಾವು ದಡಕ್ಕೆ ಹೋದೆವು. ಮಂಡಿ ನೋವು ಅಂತ ಅತ್ತೆ ದೋಣಿಯಲ್ಲೇ ಉಳಿದರು. ಸುಮ್ನೆ ಕೂರುವ ಜೀವ ಅಲ್ಲ ಅದು. ಅಡುಗೆ ಮಾಡಿ, ಚಪಾತಿ ಡಬ್ಬಿಗೆ ತುಂಬಿ, ಮಾವನನ್ನು ನೆನೆದು ಡೆಕ್ಕಿನ ಮೇಲೆ ಕಾಗೆಗೆ ಒಂದು ಹಿಡಿ ಅನ್ನ ಇಟ್ಟಿದ್ದಾರೆ. ಹಕ್ಕಿಗಳಿಗೆ ಏನೂ ಕೊಡಬೇಡಿ ಅಂತ ಪಾಠದಲ್ಲಿ ಹೇಳಿದ್ದರು. ಆಗ ಅತ್ತೆ ದೋಣಿಯ ಅಡುಗೆಮನೆಯಲ್ಲಿ ಬೇಳೆ ಡಬ್ಬಿ ಜೋಡಿಸುತ್ತಿದ್ದರು.

ಕಾಗೆ ಬರಲಿಲ್ಲ. ಹಳದಿ ಜುಟ್ಟಿನ ಬಿಳಿ ಕಾಕಟೂ ಬಂತು. ಅನ್ನ ತಿಂದು ಕೂಗಿ ಬಳಗವನ್ನೂ ಕರೆಯಿತು. ನಾವು ವಾಪಸ್ ಬರುವಾಗ ಚಪಾತಿ ಡಬ್ಬಿ ಖಾಲಿ, ಬ್ರೆಡ್ಡಿನ ಕವರ್ ಚಿಂದಿ, ಕಡಲೆಬೀಜ ಎಲ್ಲೆಡೆ. ಅತ್ತೆ ಮಾತ್ರ ಸೆರಗು ಹೊದ್ದು ತೃಪ್ತಿಯಿಂದ ಕೂತಿದ್ದರು.

"ನಿಮ್ಮ ಮಾವ ಒಬ್ಬರೇ ಬರ್ತಾರೆ ಅಂದ್ಕೊಂಡಿದ್ದೆ. ಇಡೀ ವಂಶ ಬಂದಿತ್ತು ಕಣಮ್ಮ. ಉಪ್ಪಿನಕಾಯಿ ಮಾತ್ರ ಮುಟ್ಟಲಿಲ್ಲ. ಅವರಿಗೆ ಬಿಪಿ ಇತ್ತಲ್ಲ."